ಪೂಜೆ ಆದ ಜಾಗ

ಫೆಬ್ರವರಿ 3, ಸೋಮವಾರ

ದೋಸೆಗೆ ರುಬ್ಬುತ್ತಿದ್ದೆ. ಬಾಗಿಲಲ್ಲಿ ಕಾಲೋನಿಯ ಸಿದ್ದಲಕ್ಷ್ಮಮ್ಮ, ಜೊತೆಗೆ ಮೊಮ್ಮಗಳು. ಮಗುವಿನ ಕೈಗೆ ಪಟ್ಟಿ.

"ಅವ್ವಾ, ಅಧ್ಯಕ್ಷ್ರು ಮನೇಲವ್ರಾ?"

"ನಾನೇ ಅಲ್ವೇನಮ್ಮ."

"ಅಯ್ಯೋ, ಅದಲ್ಲ ಕಣವ್ವ... ಅಣ್ಣಾರ್ನ ಕೇಳ್ದೆ."

ಒಂದೂವರೆ ವರ್ಷದಿಂದ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ನಾನು. ಮಹಿಳಾ ಮೀಸಲು. ಊರಿಗೆ ಮಾತ್ರ ಅಧ್ಯಕ್ಷರೆಂದರೆ ನನ್ನ ಗಂಡ ತಿಮ್ಮೇಶ್. ಆಫೀಸಿನಲ್ಲಿ ನನ್ನ ಕುರ್ಚಿ ಮೇಲೆ ಅವರ ಟವೆಲ್ಲು.

ಅಂಗನವಾಡಿ ಹೈವೇ ಆಚೆ, ಬಾಡಿಗೆ ಕೋಣೆಯಲ್ಲಿ. ದಾಟುವಾಗ ಮಗುವಿಗೆ ಆಟೋ ತಾಗಿದೆ. ಹೊಸ ಕಟ್ಟಡ ಕಾಲೋನಿಯಲ್ಲೇ ಎಂದು ಗ್ರಾಮಸಭೆಯಲ್ಲಿ ಮಾತು ಕೊಟ್ಟವಳು ನಾನು. ಸ್ಯಾಂಕ್ಷನ್ ಕೂಡ ಆಗಿದೆ. ಈ ತಿಂಗಳೇ ಗುದ್ದಲಿ ಪೂಜೆ ಎಂದೆ. ಹೊರಡುವಾಗ ಹೇಳುತ್ತಾಳೆ — "ಅಣ್ಣಾರ್ಗೂ ಒಂದ್ ಮಾತು ಹೇಳವ್ವ." ಮೈಯೆಲ್ಲ ಉರಿದುಹೋಯಿತು.

ಫೆಬ್ರವರಿ 11, ಮಂಗಳವಾರ

ತುಮಕೂರಿನಲ್ಲಿ ಮಹಿಳಾ ಅಧ್ಯಕ್ಷರ ಟ್ರೇನಿಂಗ್. ಹಿಂದಿನ ಸಾಲು ಪೂರ್ತಿ ಗಂಡಂದಿರೇ. "ಯಜಮಾನ್ರುಗಳು ದಯವಿಟ್ಟು ಹೊರಗಡೆ" ಎಂದರು ಪಾಠ ಮಾಡುವವರು. ಎದ್ದು ಹೋಗಿ ಕಿಟಕಿಯಲ್ಲಿ ನಿಂತರು.

"ಶಾಂತಲಾ ಮೇಡಂ, ಏನಾದ್ರೂ ಡೌಟ್ ಇದ್ಯಾ?"

ಕಿಟಕಿಯಿಂದ ಇವರು — "ಇಲ್ಲ ಸಾರ್, ಎಲ್ಲಾ ಅರ್ಥ ಆಯ್ತು!"

ಎಲ್ಲರೂ ನಕ್ಕರು. ನಾನೂ ನಕ್ಕೆನಲ್ಲ... ಥೂ.

ವಾಪಸ್ ಬರುವಾಗ ಬಟವಾಡಿ ಸರ್ಕಲ್ಲಿನ ಹೋಟೆಲಿನಲ್ಲಿ ಕಾಫಿ. ಅಲ್ಲಿ ಇವರು ಬಾಯಿಬಿಟ್ಟರು.

"ಅಂಗನವಾಡಿ ಜಾಗ ಚೇಂಜ್ ಆಯ್ತು ಕಣೇ. ಮೂಡಲಗಿರಿಯಪ್ಪನ ಲೇಔಟ್ ಪಕ್ಕ."

"ಅದು ಹೈವೇ ಆಚೆ ಅಲ್ವೇನ್ರೀ! ಯಾರು ಹೇಳಿದ್ದು?"

"ಅಕ್ಕಾರು ಹೇಳವ್ರೆ."

ಅಕ್ಕಾರು — ಎಂಎಲ್‌ಎ ಅಂಜನಪ್ಪನವರ ಹೆಂಡತಿ. ಮೂಡಲಗಿರಿಯಪ್ಪ ಆಕೆಯ ತಮ್ಮ. ಪಕ್ಕದಲ್ಲಿ ಅಂಗನವಾಡಿ ಇದ್ದರೆ ಸೈಟುಗಳು ಬೇಗ ಮಾರಾಟವಾಗುತ್ತವಂತೆ. ಆಕೆಗೂ ಯಾರೂ ಓಟು ಹಾಕಿಲ್ಲ, ಇವರಿಗೂ ಹಾಕಿಲ್ಲ. ಇಬ್ಬರೂ ಫೋನಿನಲ್ಲೇ ಮುಗಿಸಿಬಿಟ್ಟಿದ್ದಾರೆ. ಓಟು ಪಡೆದವಳು ಕಾಫಿ ಕುಡಿಯುತ್ತಾ ಕೂತಿದ್ದೆ. ಆ ಮಗುವಿನ ಕೈ ಕಣ್ಣೆದುರಿಗೆ ಬಂತು. ಲೋಟ ಅಲ್ಲೇ ಇಟ್ಟು ಎದ್ದೆ.

ಫೆಬ್ರವರಿ 20, ಗುರುವಾರ

ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಅದಕ್ಕೇ ಬಿಟ್ಟಿದ್ದೆ.

ನಾಳೆ ಲೇಔಟ್ ಪಕ್ಕದಲ್ಲಿ ಪೂಜೆ, ಎಂಎಲ್‌ಎ ಬರುತ್ತಾರಂತೆ. ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. ಇವರ ಮುಖ ಕುಂಬಳಕಾಯಿಯಷ್ಟು, ನನ್ನದು ಮೂಲೆಯಲ್ಲಿ ಸ್ಟಾಂಪಿನಷ್ಟು.

ಪಂಚಾಯ್ತಿ ಅಧಿಕಾರಿ ರೂಪಶ್ರೀ ಮೇಡಂ ಪಕ್ಕಕ್ಕೆ ಕರೆದು ಹೇಳಿದರು — "ಜಾಗ ಬದಲಾಯಿಸೋಕೆ ನಿಮ್ಮ ಸೈನ್ ಇನ್ನೂ ಆಗಿಲ್ಲ ಮೇಡಂ. ಇವತ್ತಿಗೂ ಜಾಗ ಕಾಲೋನಿನೇ."

ಇವರನ್ನು ಕೇಳಿದರೆ — "ಆಮೇಲೆ ಹಾಕಿದ್ರಾಯ್ತು ಬುಡು. ಒಂದ್ಸಲ ಪೂಜೆ ಆದ ಜಾಗನ ಯಾವನು ಬುಟ್ಟು ಹೋಗ್ತಾನೆ?"

ನಿಜ. ನಮ್ಮೂರಲ್ಲಿ ಪೂಜೆ ಮಾಡಿದ ನೆಲವನ್ನು ಹಾಗೇ ಬಿಟ್ಟರೆ ಕೇಡು ಎಂದು ಎಲ್ಲರಿಗೂ ಭಯ. ಸಮುದಾಯ ಭವನ ಕೆರೆ ಅಂಗಳದ ಕೆಸರಿನಲ್ಲಿ ನಿಂತಿರುವುದೂ ಇದೇ ಕಾರಣಕ್ಕೆ — ಕಾಯಿ ಒಡೆದಾಗಿತ್ತು. ಎಲ್ಲರಿಗಿಂತ ಜಾಸ್ತಿ ಭಯ ಇವರಿಗೇ. ಶುಕ್ರವಾರದ ರಾಹುಕಾಲ ಕಳೆಯಲಿ ಎಂದು ಪೂಜೆಯನ್ನು ಹನ್ನೆರಡೂವರೆಗೆ ಇಟ್ಟಿದ್ದಾರೆ.

ರಾಹುಕಾಲಕ್ಕೆ ಮುಂಚೆಯೂ ಬೇಕಾದಷ್ಟು ಹೊತ್ತಿದೆ. ಸಿದ್ದಲಕ್ಷ್ಮಮ್ಮನಿಗೆ ಹೇಳಿ ಕಳಿಸಿದ್ದೇನೆ.

ಫೆಬ್ರವರಿ 21, ಶುಕ್ರವಾರ. ಮಧ್ಯಾಹ್ನ, ಪಂಚಾಯ್ತಿ ಆಫೀಸು

ನನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಟವೆಲ್ಲು ಕಿಟಕಿಗೆ ಹಾಕಿದೆ.

ಬೆಳಗ್ಗೆ ಒಂಬತ್ತಕ್ಕೆ ಕಾಲೋನಿಯಲ್ಲಿ ಪೂಜೆ ಮಾಡಿಸಿದೆ. ಮಾರಮ್ಮನ ಪೂಜಾರಿ ಕರಿಸಿದ್ದಪ್ಪ ಬಂದ. ಅರಿಶಿನ, ಕುಂಕುಮ, ಹೂವು. ಕಾಯಿ ಒಡೆದದ್ದು ಸಿದ್ದಲಕ್ಷ್ಮಮ್ಮ. ಗುದ್ದಲಿ ನನ್ನ ಕೈಗೆ ಬಂತು. ಮೂರು ಸಲ ಹಾಕಿದೆ. ಮೂರನೆಯದು ಜೋರಾಗಿಯೇ ಬಿತ್ತು.

ಅಷ್ಟರಲ್ಲಿ ಇವರ ಬೈಕು. ದೂರದಿಂದಲೇ ಕೂಗು — "ಏನೇ ಮಾಡ್ತಿದ್ದೀಯಾ? ಯಾರ್ನ ಕೇಳಿ ಮಾಡ್ದೆ?" ಕೂಗುತ್ತಲೇ ಹತ್ತಿರ ಬಂದರು. ನೆಲದ ಮೇಲಿನ ಕುಂಕುಮ ಕಂಡಿತು. ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು.

ಕಾಲೋನಿಯವರೆಲ್ಲ ನೋಡುತ್ತಿದ್ದರು. ಸಿದ್ದಲಕ್ಷ್ಮಮ್ಮ ಮಂಗಳಾರತಿ ತಟ್ಟೆಯನ್ನು ನನಗೆ ಹಿಡಿದಳು. "ತಗಳ್ಳಿ ಅಧ್ಯಕ್ಷ್ರೇ." ಆಮೇಲೆ ಇವರಿಗೆ. ಇವರು ಕೈಮುಗಿದು ಕಣ್ಣಿಗೊತ್ತಿಕೊಂಡರು.

ಹನ್ನೆರಡೂವರೆಯ ಪೂಜೆ ನಡೆಯಲಿಲ್ಲ. ಎಂಎಲ್‌ಎ ಬರಲಿಲ್ಲ. ಇವರು ಎದುರಿನ ಬೆಂಚಿನ ಮೇಲೆ ಕೂತಿದ್ದಾರೆ.

ಈಗ ಇವರ ಫೋನು ರಿಂಗಾಯಿತು. ಅಕ್ಕಾರು. ಒಂದೂವರೆ ವರ್ಷದಲ್ಲಿ ಮೊದಲ ಸಲ ಫೋನನ್ನು ನನ್ನ ಕಡೆ ಚಾಚಿದರು — "ಅಧ್ಯಕ್ಷೆ ನೀನಲ್ವಾ? ನೀನೇ ಮಾತಾಡು." ಬೈಸಿಕೊಳ್ಳುವುದಕ್ಕೆ ಮಾತ್ರ ಅಧ್ಯಕ್ಷೆ ನಾನು!

ತೆಗೆದುಕೊಂಡೆ. "ನಮಸ್ಕಾರ, ಅಧ್ಯಕ್ಷೆ ಶಾಂತಲಾ ಮಾತಾಡ್ತಿರೋದು."

ಆ ಕಡೆಯಿಂದ — "ಯಜಮಾನ್ರಿಗೆ ಕೊಡಮ್ಮ."

ಕೊಡಲಿಲ್ಲ. ಕಟ್ ಮಾಡಿದೆ. ಮತ್ತೆ ರಿಂಗಾಗುತ್ತಿದೆ. ಆಗಲಿ. ಓಟು ಕೇಳಿಕೊಂಡು ಕಾಲೋನಿ ಬಾಗಿಲಿಗೆ ಹೋದವಳು ನಾನು, ಆಕೆ ಏನಾದರೂ ಹೇಳುವುದಿದ್ದರೆ ನನಗೇ ಹೇಳಲಿ.