‘ಆಯ್ತು’ ಎಂದದ್ದಕ್ಕೆ ಮುಗಿದುಹೋದ ದೂರು

ಮಾನ್ಯ ದೂರಸಂಪರ್ಕ ಅಧಿಕಾರಿಗಳೇ,

ಪುಂಜಾಲಕಟ್ಟೆ ಪೇಟೆಯಲ್ಲಿರುವ ನಮ್ಮ ವಾಣಿಜ್ಯ ಸಂಕೀರ್ಣದ ತಾಮ್ರದ ತಂತಿಗಳನ್ನು ಮಳೆಗಾಲಕ್ಕೆ ಮೊದಲು ನೀವು ಕತ್ತರಿಸಿದಿರಿ. ಬದಲಿಗೆ ತಂದ ಫೈಬರ್ ಹೊರಗೋಡೆಯ ಮೊಳೆಯಲ್ಲಿ ಸುರುಳಿಯಾಗಿ ತೂಗುತ್ತಿದೆ. ಒಳಗಿನ ಒಂದು ಅಂಗಡಿಗೂ ಅದು ಬಂದಿಲ್ಲ. ಆದರೂ ನಮ್ಮ ದೂರು ಪ್ರತಿ ಸಲವೂ ‘ಪರಿಹಾರವಾಗಿ’ ಮುಗಿಯುತ್ತಿದೆ. ಏನೂ ಸಿಗದೆ ಇಷ್ಟು ಬೇಗ ತೃಪ್ತರಾಗುವ ಗ್ರಾಹಕರು ನಿಮಗೆ ಬೇರೆಲ್ಲಿ ಸಿಕ್ಕಾರು?

ನನ್ನದು ಮೊದಲ ಮಹಡಿಯಲ್ಲಿರುವ ಕನ್ನಡಕದ ಅಂಗಡಿ. ಗಾಜಿನೊಳಗೆ ಬೆಳಕು ಹಾಯುವುದರಿಂದಲೇ ನನ್ನ ಹೊಟ್ಟೆ ತುಂಬುವುದು. ಹಾಗಾಗಿ ಫೈಬರಿನ ಕೂದಲೆಳೆಯಂಥ ಗಾಜಿನಲ್ಲಿ ಬೆಳಕಾಗಿ ಮಾತು ಬರುತ್ತದೆ ಎಂದಾಗ ಒಳಗೊಳಗೇ ಹಿಗ್ಗಿದ್ದೆ. ತಾಮ್ರದ ತಂತಿ ಮಳೆ ಬಂದರೆ ಜೀರುಂಡೆಯಂತೆ ಕೊರೆಯುತ್ತಿತ್ತು, ನಿಜ. ಆದರೆ ಅದು ಮೆಟ್ಟಿಲು ಹತ್ತಿ ಪ್ರತಿ ಬಾಗಿಲೊಳಗೂ ಬಂದಿತ್ತು, ಅದನ್ನು ಎಳೆದವರೂ ನೀವೇ. ಈಗ ನಿಮ್ಮ ಸಿಬ್ಬಂದಿ ಚಿದಾನಂದರು ಏಣಿ ಮಡಚುತ್ತಾ ಹೇಳಿದರು, “ಕಟ್ಟಡಕ್ಕೆ ಮುಟ್ಟಿಸ್ಲಿಕ್ಕೆ ಮಾತ್ರ ಆರ್ಡರ್ ಉಂಟು ಸಾರ್. ಮುಟ್ಟಿದೆ ಅಲ್ವಾ?” ಮುಟ್ಟಿದೆ. ಗೋಡೆಗೆ ಕೈಯಿಟ್ಟು ನಾನೇ ನೋಡಿದೆ. ಎಷ್ಟೋ ಸಂಗತಿಗಳು ನನ್ನನ್ನೂ ಹೀಗೇ ಹೊರಗಿನಿಂದ ಮುಟ್ಟಿ ನಿಂತಿವೆ. ಅವುಗಳ ಮೇಲೆ ನಾನು ದೂರು ಕೊಟ್ಟಿಲ್ಲ. ಆದರೆ ಕೆಳಗಿನ ಎಕ್ಸ್‌ರೇ ಕೇಂದ್ರ ನಡೆಸುವ ಜುವೈರಿಯಾ ದೂರು ಕೊಡಲೇಬೇಕಾಯಿತು.

ಆಕೆ ತೆಗೆಯುವ ಎಕ್ಸ್‌ರೇಗಳನ್ನು ಓದುವ ವೈದ್ಯರು ಕೂತಿರುವುದು ಮಂಗಳೂರಿನಲ್ಲಿ. ಮೊದಲಾದರೆ ಚಿತ್ರಗಳು ತಂತಿಯಲ್ಲಿ ಹೋಗುತ್ತಿದ್ದವು. ಈಗ ಮೊಬೈಲ್ ಸಿಗ್ನಲ್ ಸಿಗುವುದು ತಾರಸಿಯ ಒಂದು ಮೂಲೆಯಲ್ಲಿ ಮಾತ್ರ. ಆಕೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಕೊಡೆ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ನಿಮ್ಮ ಪ್ರಕಟಣೆಗಳಲ್ಲಿ ಬರುವ ‘ಅತಿವೇಗದ ಸಂಪರ್ಕ’ ಎಂದರೆ ಇದೇ ಇರಬೇಕು. ಆಕೆ ನಿಜಕ್ಕೂ ವೇಗವಾಗಿಯೇ ಹತ್ತುತ್ತಾಳೆ.

ಇನ್ನು ದೂರಿನ ಕತೆ. ಆಕೆ ತಾರಸಿಯಲ್ಲಿದ್ದಾಗ ನಿಮ್ಮ ದೂರು ಕೇಂದ್ರದಿಂದ ಕರೆ ಬಂತು. “ನಮ್ಮ ತಂಡದವ್ರು ಬಂದು ನೋಡ್ತಾರೆ ಮೇಡಂ,” ಎಂದಿತು ಬೆಂಗಳೂರಿನ ದನಿ. “ಆಯ್ತು,” ಎಂದಳು ಈಕೆ. ಕರೆ ಮುಗಿದದ್ದೇ ತಡ ಸಂದೇಶ ಬಂತು: ‘ಕೆಲಸ ಆಗಿದೆಯೆಂದು ಗ್ರಾಹಕರು ದೃಢಪಡಿಸಿದ್ದಾರೆ.’

“ನಾನೆಂತ ದೃಢಪಡಿಸಿದ್ದು?” ಎಂದು ನನ್ನ ಅಂಗಡಿಗೆ ಬಂದು ಕೇಳಿದಳು.

“ಆಯ್ತು ಅಂದ್ರಲ್ಲ.”

“ಫೋನ್ ಇಡುವಾಗ ಮತ್ತೆಂತ ಹೇಳುದು ಮಾರಾಯ್ರೇ? ಸುಮ್ನೆ ಇಟ್ರೆ ಅಹಂಕಾರ ಅಂತಾರೆ.”

ಅಧಿಕಾರಿಗಳೇ, ನೀವು ಈ ಕಡೆಯವರಲ್ಲ ಎಂದು ಕಾಣುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರೂ ‘ಆಯ್ತು’ ಎನ್ನದೆ ಫೋನ್ ಇಡುವುದಿಲ್ಲ. ಅದು ಕೇಳಿಸಿತು ಎಂಬುದಕ್ಕೆ, ಸಾಕು ಎಂಬುದಕ್ಕೆ, ಇನ್ನೇನು ಮಾಡುವುದು ಎಂಬುದಕ್ಕೆ ಹೇಳುವ ಮಾತು. ಕೆಲಸ ಆಗುವುದಿಲ್ಲ ಎಂದು ಖಾತ್ರಿಯಾದಾಗಲೂ ನಾವು ಹೇಳುವುದು ಅದನ್ನೇ. ಮುಂದಿನ ಕರೆಗೆ ಆಕೆಗೆ ನಾನು ಪಾಠ ಹೇಳಿಕೊಟ್ಟೆ: ಏನು ಬೇಕಾದರೂ ಹೇಳಿ, ಅದೊಂದನ್ನು ಬಿಟ್ಟು. ತಾರಸಿಯಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ.

“ನಾಳೆ ಬರ್ತಾರೆ ಮೇಡಂ, ಆಯ್ತಾ?”

“ಇಲ್ಲ, ಆಗ್ಲಿಲ್ಲ.”

“ಯಾಕೆ, ನಾಳೆ ಬೇಡ್ವಾ?”

“ಬೇಕು, ಬೇಕು.”

“ಮತ್ತೆ ಆಯ್ತಲ್ಲ ಮೇಡಂ?”

“ಹಾಂ, ಆಯ್ತು.”

ಮತ್ತೆ ಸಂದೇಶ. ಮತ್ತೆ ಪರಿಹಾರ. ಕೈ ಕಟ್ಟಿಹಾಕಿ ಮಾತಾಡು ಎಂದರೆ ಮಾತಾಡಬಹುದು, ಆ ಪದವಿಲ್ಲದೆ ಮಾತು ಮುಗಿಸುವುದು ನಮಗೆ ಬರುವುದಿಲ್ಲ.

ಇದನ್ನು ತಮಾಷೆಯಲ್ಲೇ ಬಿಡಬಹುದಿತ್ತು, ವಾಮದಪದವಿನ ಹುಕ್ರಪ್ಪನವರು ಅಂಗಳದಲ್ಲಿ ಜಾರಿ ಬೀಳದೇ ಇದ್ದಿದ್ದರೆ. ಸೊಸೆ ಲೋಲಾಕ್ಷಿ ರಿಕ್ಷಾದಲ್ಲಿ ಕರೆತಂದರು. ಎಕ್ಸ್‌ರೇ ತೆಗೆದಾಯಿತು. ಮೇಲೆ ಜುವೈರಿಯಾ ಗಾಳಿಮಳೆಯಲ್ಲಿ ಸಿಗ್ನಲ್ ಹುಡುಕುತ್ತಿದ್ದಳು. ಕೆಳಗೆ ಹುಕ್ರಪ್ಪನವರಿಗೆ ಬೇಸರ ಬಂತು. “ಎಲುಬು ಮುರಿದಿದ್ರೆ ಇಷ್ಟು ಹೊತ್ತು ಸುಮ್ಮನೆ ಕೂರಿಸ್ತಿದ್ರಾ? ಎಂತದೂ ಇಲ್ಲ, ಚಾ ಕುಡಿಯುವ,” ಎಂದು ಎದ್ದು, ಕುಂಟುತ್ತಾ ರಸ್ತೆ ದಾಟಿದರು. ಸೊಂಟದ ಎಲುಬು ಬಿರುಕು ಬಿಟ್ಟಿದೆ, ಕಾಲೂರಲು ಬಿಡಬೇಡಿ ಎಂದು ವೈದ್ಯರ ಉತ್ತರ ಬಂದಾಗ ಅವರು ಹೋಟೆಲಿನ ಬೆಂಚಿನಿಂದ ಏಳಲಾರದೆ ಕೂತಿದ್ದರು. ನಡೆದದ್ದರಿಂದ ಬಿರುಕು ಬಿಟ್ಟ ಎಲುಬು ಜಾಗ ಬಿಟ್ಟು ಸರಿದಿತ್ತು. ಈಗ ಅವರು ಮಲಗಿದಲ್ಲೇ ಇದ್ದಾರೆ. ನಿಮ್ಮ ಗೋಡೆಯ ಸುರುಳಿಗೂ ಜುವೈರಿಯಾಳ ಯಂತ್ರಕ್ಕೂ ನಡುವೆ ಇರುವುದು ಒಂದು ಜಗಲಿ.

ಒಳಗಿನ ಕೆಲಸ ಕಟ್ಟಡದ ಮಾಲೀಕರದ್ದು ಎನ್ನುತ್ತೀರಿ. ಮಾಲೀಕ ಅಬ್ದುಲ್ ಹಕೀಂ ಸೌದಿಯ ದಮ್ಮಾಮಿನಿಂದ ಧ್ವನಿಸಂದೇಶ ಕಳಿಸಿದ್ದಾರೆ: “ಎಲ್ಲಿ ಬೇಕಾದ್ರೂ ತೂತು ಮಾಡ್ಲಿ ಮಾರಾಯ, ಖರ್ಚು ನಾನು ಕೊಡ್ತೇನೆ.” ಅದನ್ನೂ ನಿಮಗೆ ಕಳಿಸಿದೆವು. ಅದು ಯಾವ ಗೋಡೆಯನ್ನು ಮುಟ್ಟಿ ನಿಂತಿದೆಯೋ ಗೊತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಫೋನ್ ಮಾಡಬೇಡಿ. ಡ್ರಿಲ್ ಹಿಡಿದುಕೊಂಡು ಬನ್ನಿ, ಆ ತಂತಿಯನ್ನು ಒಳಗೆ ಎಳೆಯಿರಿ, ಯಂತ್ರದ ಕೋಣೆಯಿಂದ ಚಿತ್ರವೊಂದು ಮಂಗಳೂರು ತಲುಪುವುದನ್ನು ನಿಂತು ನೋಡಿ, ಆಮೇಲೆ ಹೋಗಿ. ಹುಕ್ರಪ್ಪನವರ ಬಳಿಕ ಜುವೈರಿಯಾ ನಿದ್ದೆ ಮಾಡಿದಂತೆ ಕಾಣುವುದಿಲ್ಲ. ತಿಂಗಳ ಕೊನೆಯೊಳಗೆ ತಂತಿ ಬರದಿದ್ದರೆ ಯಂತ್ರ ಮಾರಿ ಬಾಗಿಲು ಹಾಕುತ್ತಾಳಂತೆ. ಯಂತ್ರ ಒಯ್ಯುವ ಲಾರಿ ಹೊರಗೋಡೆಯ ಪಕ್ಕಕ್ಕೇ ಹಿಮ್ಮುಖವಾಗಿ ಬರಬೇಕು. ಹಾಗೆ ಬರುವಾಗ ಅದು ನಿಮ್ಮ ಸುರುಳಿಗೆ ತಾಗಿ ತಂತಿ ತುಂಡಾದರೆ, ಆ ದಿನವೇ ನೀವು ಬರುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ಬಹಳ ಹಿಂದೆಯೇ ಸಂತುಷ್ಟನಾಗಿರುವ,
ಮೊದಲ ಮಹಡಿಯ ಬಾಡಿಗೆದಾರ