ಈಚಲ ಮರದಲ್ಲಿ ಉಳಿದದ್ದು

ಬೀದರ, ೨೩ ಸೆಪ್ಟೆಂಬರ್ ೧೯೪೮, ಗುರುವಾರ

ಉಂಡು ಮೂರು ದಿನವಾಯಿತು. ಲಿಂಗಪೂಜೆಯಿಲ್ಲದೆ ತುತ್ತು ಎತ್ತುವುದು ಹೇಗೆ? ಲಿಂಗ ಔರಾದದಾಚೆ ಚಿಂತಾಕಿ ಊರಲ್ಲಿದೆ.

ನಿಜಾಮ ಸರಕಾರದ ಅಬಕಾರಿ ಗುಮಾಸ್ತನಾಗಿ ಸೇಂದಿಯ ರುಚಿ ನೋಡಿ ಬರೆಯುವುದು ನನ್ನ ಕೆಲಸ. ಕುಡಿಯುವುದಿಲ್ಲ, ಬಾಯಾಡಿಸಿ ಉಗುಳುತ್ತೇನೆ. ಆದರೂ ಲಿಂಗ ಎದೆಯ ಮೇಲಿರುವಾಗ ಬೇಡವೆಂದು ಪ್ರತಿ ಸಲ ಲಿಂಗದ ಕರಡಿಗೆ ಬಿಚ್ಚಿ ಈಚಲ ಮರಕ್ಕೆ ತೂಗುಹಾಕುತ್ತೇನೆ. ಸೋಮವಾರ ಮೂರನೆಯ ಗಡಿಗೆಯ ರುಚಿ ನೋಡುತ್ತಿದ್ದಾಗ, ಸೇಂದಿ ಇಳಿಸುವ ನರಸಾಗೌಡ ಮರದ ಮೇಲಿಂದ ಕೂಗಿದ: "ಮಿಲಿಟರಿ ಬಂತ್ರೀ ಸಾಹೇಬ್ರ, ಓಡ್ರಿ!"

ನಿಜಾಮನ ನೌಕರನೆಂದು ಹಿಡಿದಾರೆಂದು ಓಡಿದೆ. ಔರಾದ ದಾಟಿದ ಮೇಲೆ ಎದೆ ಮುಟ್ಟಿ ನೋಡಿಕೊಂಡೆ.

ಈಗ ರಸ್ತೆ ಬಂದ್. ನಡೆದಾದರೂ ಹೋಗುತ್ತೇನೆಂದು ನಿನ್ನೆ ಹೊರಟರೆ ಸಿಪಾಯಿ ಬಂದೂಕು ತೋರಿಸಿ ಅಟ್ಟಿದ. ಮರದಲ್ಲಿ ಅದು ಇದೆಯೋ ಇಲ್ಲವೋ! ಅವ್ವನ ಕಣ್ಣಿಗೆ ಎದೆ ಬರಿದಾಗಿ ಕಾಣಬಾರದೆಂದು ಬೆಣಚುಕಲ್ಲೊಂದನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದೇನೆ. ಹೊಟ್ಟೆನೋವೆಂದು ತಟ್ಟೆ ಸರಿಸುತ್ತೇನೆ.

ಇವತ್ತು ಸಂಜೆ ಅವ್ವ ಎದುರಿಗೆ ಬಂದು ನಿಂತಳು. "ಅಂಥಾ ಗದ್ದಲದಾಗ ನಿನ್ನ ಜೀವಂತ ಮನಿಗಿ ತಂದದ್ದು ಈ ಲಿಂಗಪ್ಪನೇ ನೋಡಪಾ," ಎಂದು ಕಣ್ಣು ಮುಚ್ಚಿ ಆ ಕಲ್ಲಿಗೆ ಕೈ ಮುಗಿದಳು.

ಅವಳೆದುರು ನಾನೂ ಕೈ ಮುಗಿದೆ.