ಮೂರು ಸಲ ಫೋನ್ ಎತ್ತದ ನನ್ನ ಅಕ್ಕ

ಹೃದಯರೋಗ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ, ನನ್ನ ಅಕ್ಕ ಸತ್ತಿದ್ದಾಳೆ. ದಯವಿಟ್ಟು ಬರೆದುಕೊಳ್ಳಿ. ನಿಮ್ಮ ವರದಿಯಲ್ಲಿ ಮಾತ್ರ ಆಕೆ ಇನ್ನೂ ಸತ್ತಿಲ್ಲ.

ನಾಟಕ ಕಂಪನಿಯಲ್ಲಿ ಬೆಳೆದವನು ನಾನು. ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವುದು ಅಭ್ಯಾಸ. ಆದರೆ ನಿಮ್ಮ ಕಚೇರಿಯ ಮೆಟ್ಟಿಲನ್ನು ಆರು ಸಲ ಹತ್ತಿಳಿದ ಮೇಲೆ ಗಂಟಲು ಬಿದ್ದುಹೋಗಿದೆ. ಅದಕ್ಕೇ ಈ ಕಾಗದ.

ಅಕ್ಕ ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದವಳು. ಮೆಟ್ಟಿಲು ಹತ್ತಿದರೆ ದವಡೆ ನೋಯುತ್ತಿತ್ತು; ಹೃದಯದ ನೋವು ಹೀಗೂ ಬರುತ್ತದಂತೆ. ನಿಮ್ಮವರು ಅವಳ ವಯಸ್ಸು, ರಕ್ತದೊತ್ತಡ, ಕೊಬ್ಬು ಎಲ್ಲ ಕೂಡಿಸಿ ‘ಕಡಿಮೆ ಅಪಾಯ’ ಎಂದರು. ಇಂಥ ಹೆಂಗಸರಿಗೆ ಹೆಚ್ಚಿನ ಪರೀಕ್ಷೆ ಬೇಕೇ, ಬರೀ ಮಾತ್ರೆ ಸಾಕೇ ಎಂದು ತಿಳಿಯುವ ಅಧ್ಯಯನಕ್ಕೆ ಸೇರಿಸಿಕೊಂಡರು. ಕೆಲವರಿಗೆ ಪರೀಕ್ಷೆ, ಕೆಲವರಿಗೆ ಮಾತ್ರೆ; ಅಕ್ಕನ ಪಾಲಿಗೆ ಬಂದದ್ದು ಮಾತ್ರೆ. ಕ್ರಮಸಂಖ್ಯೆ ಇನ್ನೂರ ಹದಿನೇಳು. “ನೋಡೋ, ನಾನು ವಿಜ್ಞಾನಕ್ಕೆ ಬೇಕಾದವಳು. ನಿನ್ನ ರಾಜನ ಪಾರ್ಟು ಯಾರಿಗ್ ಬೇಕು?” ಎಂದು ನಕ್ಕಿದ್ದಳು.

ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವುದು ನಿಮ್ಮ ಪದ್ಧತಿ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರೊಳಗೆ, ದಿನಕ್ಕೊಂದರಂತೆ ಮೂರು ಸಲ, ಅಷ್ಟೇ. ಕಾರ್ಖಾನೆಯಲ್ಲೋ, ಒಳಗೆ ಹೋಗುವಾಗಲೇ ಫೋನನ್ನು ಗೇಟಿನ ಪೆಟ್ಟಿಗೆಗೆ ಹಾಕಬೇಕು; ಕೈಗೆ ಸಿಗುವುದು ಸಂಜೆ ಆರಕ್ಕೆ. ಮೂರು ದಿನವೂ ಅದು ಪೆಟ್ಟಿಗೆಯೊಳಗೆ ಬಡಿದುಕೊಂಡಿತು. ಸಂಜೆ ಅಕ್ಕ ತಿರುಗಿ ಮಾಡಿದರೆ ನಿಮ್ಮ ಕಚೇರಿ ಮುಚ್ಚಿತ್ತು. ‘ಸಂಪರ್ಕಕ್ಕೆ ಸಿಗದವರು’ ಎಂದು ಬರೆದು ಕೈಬಿಟ್ಟಿರಿ. ಎರಡು ತಿಂಗಳ ಮೇಲೆ ಇಸ್ತ್ರಿ ಮೇಜಿನ ಮುಂದೆಯೇ ಕುಸಿದಳು. ಹೃದಯಾಘಾತ ಎಂದು ಆಸ್ಪತ್ರೆಯವರು ಬರೆದುಕೊಟ್ಟರು.

ಆ ಕಾಗದ ಹಿಡಿದು ಬಂದಾಗ ನಿಮ್ಮ ಗುಮಾಸ್ತರು ಕನ್ನಡಕ ಏರಿಸಿದರು.

“ಇವ್ರು ನಮ್ಮ ಲಿಸ್ಟಲ್ಲೇ ಇಲ್ವಲ್ಲ, ಯಜಮಾನ್ರೇ.”

“ಇದ್ದಳು ಸ್ವಾಮಿ. ಸತ್ತೋದ್ಲು.”

“ಅದಕ್ಕೆ ಮುಂಚೇನೇ ತೆಗ್ದುಬಿಟ್ಟಿದ್ದೀವಿ. ಆಮೇಲೆ ಸತ್ರೆ ನಮ್ಮ ಲೆಕ್ಕಕ್ಕೆ ಬರಲ್ಲ.”

ಆಹಾ! ಮೂವತ್ತು ವರ್ಷ ರಂಗದ ಮೇಲೆ ಸತ್ತು ಸತ್ತು ಎದ್ದವನು ನಾನು. ಸಾಯಬೇಕಾದ ಪಾತ್ರವನ್ನು ಆ ದೃಶ್ಯಕ್ಕೆ ಮುಂಚೆಯೇ ಹೊರಗೆ ಕಳಿಸಿ, ನಾಟಕ ಸುಖಾಂತವೆಂದು ಪರದೆ ಎಳೆದ ಕಂಪನಿಯನ್ನು ಮಾತ್ರ ಕಂಡಿರಲಿಲ್ಲ. ‘ಮಾತ್ರೆ ಪಡೆದವರಲ್ಲಿ ಸಾವಿಲ್ಲ, ಹೆಚ್ಚಿನ ಪರೀಕ್ಷೆ ಅನಗತ್ಯ’ ಎನ್ನುತ್ತದೆ ನಿಮ್ಮ ವರದಿ. ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ: ಸಂಪರ್ಕಕ್ಕೆ ಸಿಗದವರು ನಲವತ್ತೊಂದು ಮಂದಿ. ಫೋನ್ ಎತ್ತಿದವರನ್ನಷ್ಟೇ ಕೇಳಿದರೆ ಯಾರು ತಾನೇ ಸತ್ತಿರುತ್ತಾರೆ, ಮಾನ್ಯರೇ?

ಕಳೆದ ವಾರ ಅಕ್ಕನ ಮಗಳಿಗೆ ದವಡೆ ನೋವು ಶುರುವಾಯಿತು. ಅವಳಿಗೂ ಅದೇ ಇಸ್ತ್ರಿ ವಿಭಾಗ. ಆಸ್ಪತ್ರೆಗೆ ಕರೆದೊಯ್ದು, ಇವಳಮ್ಮ ಹೀಗೇ ಹೋದಳು ಎಂದೆ. ವೈದ್ಯರು ನಿಮ್ಮ ವರದಿ ತೋರಿಸಿ, “ಇಂಥೋರಲ್ಲಿ ಯಾರೂ ಸತ್ತಿಲ್ಲ, ಗಾಬರಿ ಬೇಡ” ಎಂದು ಮಾತ್ರೆ ಕೊಟ್ಟರು. ಮನೆಗೆ ಬಂದು ಅವಳೇ ನನಗೆ ಸಮಾಧಾನ ಹೇಳಿದಳು: “ಯೋಚ್ನೆ ಮಾಡ್ಬೇಡ ಮಾವ, ಅಮ್ಮನ್ನ ಸೇರಿಸ್ಕೊಂಡಿದ್ದ ಕೇಂದ್ರದೋರೇ ಹೊಸ ಅಧ್ಯಯನಕ್ಕೆ ನನ್ನೂ ಸೇರಿಸ್ಕೊಂಡಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ವಿಚಾರಿಸ್ತಾರಂತೆ.”

ನಾನು ಕೇಳುವುದಿಷ್ಟೇ. ಆ ನಲವತ್ತೊಂದು ಮನೆಗಳ ಬಾಗಿಲಿಗೆ ಜನ ಕಳಿಸಿ. ಯಾರಿದ್ದಾರೆ, ಯಾರಿಲ್ಲ ಎಂದು ತಿಳಿಯುವವರೆಗೆ ವರದಿಯನ್ನು ಹಿಂದಕ್ಕೆ ಪಡೆಯಿರಿ. ನಮ್ಮ ಹುಡುಗಿಗೆ ಸರಿಯಾದ ಪರೀಕ್ಷೆ ಮಾಡಿಸಿ. ನಿಮ್ಮ ಫಾರ್ಮಿನಲ್ಲಿ ಅವಳ ಫೋನ್ ನಂಬರ್ ಹೊಡೆದುಹಾಕಿಸಿ ನನ್ನದನ್ನು ಬರೆಸಿದ್ದೇನೆ. ಹನ್ನೊಂದಕ್ಕೇ ಮಾಡಿ, ಎತ್ತುತ್ತೇನೆ. ಆದರೆ ಮೊದಲು ಇನ್ನೂರ ಹದಿನೇಳರ ಮುಂದೆ ‘ಸತ್ತಿದ್ದಾಳೆ’ ಎಂದು ಬರೆದುಕೊಳ್ಳಿ. ಆಮೇಲೆ ಮಗಳ ಬಗ್ಗೆ ಕೇಳಿ.

ಇಂತಿ,
ಫೋನಿನ ಪಕ್ಕದಿಂದ ಏಳದ,
ಕ್ರಮಸಂಖ್ಯೆ ಇನ್ನೂರ ಹದಿನೇಳರ ತಮ್ಮ